ಸೊನ್ನೆ ತೋರಿಸುವ ಡಿಟೆಕ್ಟರನ್ನು ನಂಬುವ ಮುನ್ನ

ಅಮೋನಿಯಾ ಬಳಸುವ ಐಸ್ ಪ್ಲಾಂಟು ಅಥವಾ ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ಕೋಣೆಗೆ ಹೋದರೆ ಗೋಡೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಲೋಹದ ಪೆಟ್ಟಿಗೆ ಕಾಣಿಸುತ್ತದೆ. ಅದರ ಪರದೆಯ ಮೇಲೆ ವರ್ಷದ ಬಹುಪಾಲು ದಿನ ಇರುವುದು ಒಂದೇ ಅಂಕಿ, ಸೊನ್ನೆ. ಕೋಣೆಯ ಗಾಳಿಯಲ್ಲಿ ಅಮೋನಿಯಾ ಇಲ್ಲದಿದ್ದಾಗ ಆ ಪೆಟ್ಟಿಗೆ ಸೊನ್ನೆ ತೋರಿಸುತ್ತದೆ. ಒಳಗಿನ ಸೆನ್ಸರ್ ಸತ್ತುಹೋಗಿದ್ದಾಗಲೂ ಅದು ಸೊನ್ನೆಯನ್ನೇ ತೋರಿಸುತ್ತದೆ. ಪಂಪು ಕೆಟ್ಟರೆ ನೀರು ನಿಲ್ಲುತ್ತದೆ, ಮೋಟಾರು ಸುಟ್ಟರೆ ಕಮರು ವಾಸನೆ ಹಬ್ಬುತ್ತದೆ, ಕಂಪ್ರೆಸರ್ ಕೈಕೊಟ್ಟರೆ ಚೇಂಬರಿನ ತಾಪಮಾನ ಏರಿ ಮಾಲೀಕರ ಫೋನು ಬರುತ್ತದೆ. ಗ್ಯಾಸ್ ಡಿಟೆಕ್ಟರ್ ಕೆಟ್ಟಾಗ ಮಾತ್ರ ಅನಿಲ ಸೋರುವ ದಿನದವರೆಗೂ ಅದು ಯಾರಿಗೂ ತಿಳಿಯುವುದಿಲ್ಲ.

ಕರಾವಳಿಯ ಮೀನು ಸಂಸ್ಕರಣಾ ಘಟಕಗಳಲ್ಲಿ ಮತ್ತು ಬ್ಯಾಡಗಿ ಸುತ್ತಮುತ್ತಲಿನ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳಲ್ಲಿ ಈ ಪೆಟ್ಟಿಗೆಗಳನ್ನು ಪರೀಕ್ಷಿಸಿ ಸುಸ್ಥಿತಿಯಲ್ಲಿಡುವುದು ನನ್ನ ಕಸುಬು. ಈ ಕೆಲಸವನ್ನು ಮಾಡಿಸುವ ಮಾಲೀಕರಿಗೂ ಅದರ ನೆರಳಿನಲ್ಲಿ ದುಡಿಯುವ ಆಪರೇಟರುಗಳಿಗೂ ನಾವು ಅಲ್ಲಿ ನಿಜವಾಗಿ ಏನು ಮಾಡುತ್ತೇವೆ, ಏನು ಮಾಡಬೇಕು ಎಂಬುದು ತಿಳಿದಿರಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದುದರ ತಿರುಳು ಇಷ್ಟೇ: ನಿರ್ವಹಣೆ ಎಂದರೆ ಪೆಟ್ಟಿಗೆಯನ್ನು ಒರೆಸುವುದಲ್ಲ, ಪರದೆಯ ಅಂಕಿಯನ್ನು ಲಾಗ್‌ಬುಕ್ಕಿನಲ್ಲಿ ಬರೆದುಕೊಳ್ಳುವುದೂ ಅಲ್ಲ, ಪ್ರಮಾಣ ಗೊತ್ತಿರುವ ಅನಿಲವನ್ನು ಸೆನ್ಸರಿಗೆ ಕೊಟ್ಟು, ಅದರಿಂದ ಹಿಡಿದು ಗೇಟಿನ ಬಳಿಯ ಸೈರನ್ನಿನವರೆಗೆ ಇಡೀ ಸರಪಳಿ ಮಿಸುಕಾಡಿತೇ ಎಂದು ನೋಡುವುದು.

ಅಮೋನಿಯಾ ಬಹಳ ಹಳೆಯ ಶೀತಕ. ಅಗ್ಗ, ಶೀತಲೀಕರಣದ ದಕ್ಷತೆ ಹೆಚ್ಚು, ಓಜೋನ್ ಪದರಕ್ಕೆ ಹಾನಿಯಿಲ್ಲ. ಆದ್ದರಿಂದಲೇ ದೊಡ್ಡ ಶೈತ್ಯಾಗಾರಗಳು ಇಂದಿಗೂ ಅದನ್ನು ಬಿಟ್ಟಿಲ್ಲ. ಮೈನಸ್ 33 ಡಿಗ್ರಿಯಲ್ಲಿ ಕುದಿಯುವ ಆ ದ್ರವ ಹೊರಬಿದ್ದೊಡನೆ ನೂರಾರು ಪಟ್ಟು ಹಿಗ್ಗಿ ಅನಿಲವಾಗುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯು ಎಂಟು ಗಂಟೆಯ ಸರಾಸರಿಗೆ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು), ಅಲ್ಪಾವಧಿಗೆ 35 ಪಿಪಿಎಂ ಎಂಬ ಮಿತಿಯನ್ನು ಅಮೋನಿಯಾಕ್ಕೆ ಹಾಕಿತ್ತು. 300 ಪಿಪಿಎಂ ತಲುಪಿದರೆ ಅದು ಜೀವಕ್ಕೂ ಆರೋಗ್ಯಕ್ಕೂ ತಕ್ಷಣದ ಅಪಾಯವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಯೋಶ್ ಪರಿಗಣಿಸುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡಾ 15ರಿಂದ 28ರವರೆಗೆ ಇದ್ದಾಗ ಕಿಡಿ ತಗುಲಿದರೆ ಸ್ಫೋಟಿಸಲೂಬಹುದು. ಅದು ಸೋರುವ ಜಾಗಗಳು ಎಲ್ಲ ಪ್ಲಾಂಟಿನಲ್ಲೂ ಹೆಚ್ಚುಕಡಿಮೆ ಒಂದೇ: ಕಂಪ್ರೆಸರಿನ ಶಾಫ್ಟ್ ಸೀಲ್, ವಾಲ್ವುಗಳ ಗ್ಲಾಂಡು, ಫ್ಲಾಂಜಿನ ಗ್ಯಾಸ್ಕೆಟ್ಟು, ತುಕ್ಕು ಹಿಡಿದ ಕಾಯಿಲ್, ಎಲ್ಲಕ್ಕಿಂತ ಹೆಚ್ಚಾಗಿ, ವ್ಯವಸ್ಥೆಯ ತಳದಲ್ಲಿ ಸೇರಿಕೊಂಡ ಎಣ್ಣೆಯನ್ನು ಕೈಯಿಂದ ಬಸಿಯುವ ಹೊತ್ತು.

ಹಳೆಯ ಆಪರೇಟರುಗಳಿಗೆ ಈ ಪೆಟ್ಟಿಗೆಯ ಮೇಲೆ ಅಷ್ಟು ಗೌರವವಿಲ್ಲ. ಬ್ಯಾಡಗಿಯ ಕಡೆಯ ಹಿರಿಯ ಆಪರೇಟರೊಬ್ಬರು ನನಗೆ ನೇರವಾಗಿ ಕೇಳಿದ್ದರು: "ಗ್ಯಾಸ್ ಬಂದ್ರ ನಮ್ಮ ಮೂಗಿಗೆ ಮೊದ್ಲ ಗೊತ್ತಾಗ್ತೈತ್ರೀ ಸರ್, ಈ ಡಬ್ಬಿ ಯಾಕ ಬೇಕು?" ಅವರ ಮಾತಿನಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಬಾರದು. ಅಮೋನಿಯಾದ ಘಾಟು 25 ಪಿಪಿಎಂಗಿಂತ ಬಹಳ ಕೆಳಗೇ ಅನೇಕರಿಗೆ ಗೊತ್ತಾಗುತ್ತದೆ. ಗಂಧಕದ ಕಡ್ಡಿ ಹೊತ್ತಿಸಿ ಪೈಪಿನ ಉದ್ದಕ್ಕೂ ಹಿಡಿದುಕೊಂಡು ಹೋಗಿ, ಎಲ್ಲಿ ದಟ್ಟ ಬಿಳಿ ಹೊಗೆ ಏಳುತ್ತದೋ ಅಲ್ಲೇ ಸೋರಿಕೆ ಎಂದು ಬೆರಳಿಟ್ಟು ತೋರಿಸುವ ಅವರ ವಿದ್ಯೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಮೂಗಿಗೆ ಎರಡು ಮಿತಿಗಳಿವೆ. ದಿನವಿಡೀ ಸ್ವಲ್ಪ ಸ್ವಲ್ಪ ಅಮೋನಿಯಾ ಇರುವ ಕೋಣೆಯಲ್ಲಿ ಕೆಲಸ ಮಾಡುವವರ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಎರಡನೆಯದಾಗಿ, ಮೂಗು ಮನುಷ್ಯನೊಡನೆಯೇ ಆ ಕೋಣೆಯೊಳಗೆ ಇರಬೇಕಾಗುತ್ತದೆ. ರಾತ್ರಿ ಎರಡು ಗಂಟೆಗೆ ಬೀಗ ಹಾಕಿದ ಚೇಂಬರಿನಲ್ಲಿ ಯಾರ ಮೂಗೂ ಇರುವುದಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕಾರ್ಖಾನೆಯ ಕಾರ್ಮಿಕರಿಗೆ ಮೀಥೈಲ್ ಐಸೋಸಯನೇಟ್ ಸೋರುತ್ತಿದೆ ಎಂಬ ಮೊದಲ ಸುಳಿವು ಸಿಕ್ಕಿದ್ದು ತಮ್ಮ ಕಣ್ಣುರಿಯಿಂದ. ಮನುಷ್ಯರ ಕಣ್ಣು ಮೂಗುಗಳೇ ಮೊದಲ ಉಪಕರಣವಾಗುವ ಪರಿಸ್ಥಿತಿ ಬರಬಾರದೆಂದೇ ಈ ಡಬ್ಬಿ.

ಡಬ್ಬಿಯೊಳಗೆ ಇರುವುದು ಬಹುಮಟ್ಟಿಗೆ ಎಲೆಕ್ಟ್ರೋಕೆಮಿಕಲ್ ಸೆನ್ಸರ್. ನಾವು ಅದನ್ನು ಸೆಲ್ ಎಂದೇ ಕರೆಯುತ್ತೇವೆ. ತೆಳುವಾದ ಪೊರೆಯ ಮೂಲಕ ಅನಿಲ ಒಳಗೆ ನುಸುಳಿ, ವಿದ್ಯುದ್ವಾರದ ಮೇಲೆ ರಾಸಾಯನಿಕ ಕ್ರಿಯೆ ನಡೆದು, ಅನಿಲದ ಪ್ರಮಾಣಕ್ಕೆ ತಕ್ಕಂತೆ ಅತ್ಯಲ್ಪ ವಿದ್ಯುತ್ ಹರಿಯುತ್ತದೆ; ಅದನ್ನು ಹಿಗ್ಗಿಸಿ 4ರಿಂದ 20 ಮಿಲಿ ಆಂಪಿಯರ್ ಸಂಕೇತವಾಗಿ, ಅಲಾರಂಗಳನ್ನು ನಡೆಸುವ ನಿಯಂತ್ರಣ ಪ್ಯಾನೆಲ್ಲಿಗೆ ಕಳುಹಿಸಲಾಗುತ್ತದೆ. 4 ಮಿಲಿ ಆಂಪಿಯರ್ ಎಂದರೆ ಸೊನ್ನೆ. ಸೆಲ್ಲಿನ ವಿದ್ಯುದ್ವಿಚ್ಛೇದ್ಯ ಒಣಗಿದರೂ, ಪೊರೆಯ ಮೇಲೆ ಪೇಂಟರ್ ಬಣ್ಣ ಬಳಿದುಹೋದರೂ, ಅಥವಾ ಸೆಲ್ಲಿನ ಶಕ್ತಿಯೇ ತೀರಿಹೋದರೂ ಒಳಗೆ ವಿದ್ಯುತ್ ಹುಟ್ಟುವುದಿಲ್ಲ, ಹೊರಗೆ 4 ಮಿಲಿ ಆಂಪಿಯರ್ ನೆಮ್ಮದಿಯಾಗಿ ಹರಿಯುತ್ತಲೇ ಇರುತ್ತದೆ. ತಂತಿ ತುಂಡಾದರೆ ಸಂಕೇತ 4ಕ್ಕಿಂತ ಕೆಳಗಿಳಿದು ಪ್ಯಾನೆಲ್ಲಿನಲ್ಲಿ ಫಾಲ್ಟ್ ದೀಪ ಹತ್ತುತ್ತದೆ. ಕೆಲವು ಹೊಸ ಡಿಟೆಕ್ಟರುಗಳು ಸೆಲ್ ಜಾಗದಲ್ಲಿದೆಯೇ ಎಂಬುದನ್ನು ವಿದ್ಯುತ್ತಿನ ಮೂಲಕ ತಾವೇ ಪರೀಕ್ಷಿಸಿಕೊಳ್ಳುತ್ತವೆ, ಅದು ಒಳ್ಳೆಯದೇ. ಆದರೆ ಪೊರೆಯ ದಾರಿ ತೆರೆದಿದೆಯೇ ಎಂಬುದನ್ನು ಹೊರಗಿನಿಂದ ಅನಿಲ ಕೊಡದೆ ತಿಳಿಯುವ ಉಪಾಯ ಸಾಮಾನ್ಯವಾಗಿ ಅವುಗಳಿಗೂ ಇಲ್ಲ.

ಅಮೋನಿಯಾ ಸೆಲ್ಲಿಗೆ ಇನ್ನೊಂದು ವಿಶೇಷ ಕಷ್ಟವಿದೆ. ಅನೇಕ ಮಾದರಿಗಳಲ್ಲಿ ಅಮೋನಿಯಾವನ್ನು ಗುರುತಿಸುವ ಕ್ರಿಯೆಯೇ ಸೆಲ್ಲಿನೊಳಗಿನ ರಾಸಾಯನಿಕವನ್ನು ಖರ್ಚು ಮಾಡುತ್ತದೆ. ಶುದ್ಧ ಗಾಳಿಯಲ್ಲಿ ಎರಡು ಮೂರು ವರ್ಷ ಬಾಳುವ ಸೆಲ್, ಸದಾ ಹತ್ತಿಪ್ಪತ್ತು ಪಿಪಿಎಂ ತೇಲುವ ಕಂಪ್ರೆಸರ್ ಕೋಣೆಯಲ್ಲಿ ಅದಕ್ಕಿಂತ ಬಹಳ ಮೊದಲೇ ಬರಿದಾಗುತ್ತದೆ. ಅಂದರೆ ಯಾವ ಕೋಣೆಯಲ್ಲಿ ಕಾವಲು ಹೆಚ್ಚು ಬೇಕೋ ಅಲ್ಲಿಯ ಕಾವಲುಗಾರನೇ ಬೇಗ ಸಾಯುತ್ತಾನೆ. ಒಮ್ಮೆ ದೊಡ್ಡ ಸೋರಿಕೆಯಾಗಿ ಡಿಟೆಕ್ಟರ್ ತನ್ನ ಗರಿಷ್ಠ ಅಂಕಿಯನ್ನು ದಾಟಿದ್ದರೆ, ಸೋರಿಕೆ ನಿಂತ ಮೇಲೆ ಅದು ಮತ್ತೆ ಸೊನ್ನೆಗೆ ಬಂದಿತೆಂದು ಸಮಾಧಾನಪಡುವಂತಿಲ್ಲ. ಆ ಸೆಲ್ಲನ್ನು ಅಂದೇ ಅನಿಲ ಕೊಟ್ಟು ಪರೀಕ್ಷಿಸಬೇಕು, ಬಹಳ ಸಲ ಬದಲಿಸಲೇಬೇಕಾಗುತ್ತದೆ. ಎಷ್ಟೋ ಕಡೆ ಸೋರಿಕೆಯ ನಂತರ ಪೈಪು, ವಾಲ್ವು, ಸೀಲು ಎಲ್ಲ ಹೊಸದಾಗುತ್ತವೆ, ಆ ಸೋರಿಕೆಯನ್ನು ಹಿಡಿದು ಕೊಟ್ಟ ಸೆಲ್ಲಿನ ನೆನಪು ಮಾತ್ರ ಯಾರಿಗೂ ಬರುವುದಿಲ್ಲ.

ಈಗ ಪರೀಕ್ಷೆಯ ಕ್ರಮಕ್ಕೆ ಬರೋಣ. ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಬಹಳ ಜನ ಇವನ್ನು ಒಂದೇ ಎಂದುಕೊಂಡಿದ್ದಾರೆ. ಅನಿಲ ತಗುಲಿಸಿ ಡಿಟೆಕ್ಟರ್ ಎಚ್ಚರಗೊಂಡಿತೇ, ಅಲಾರಂ ಬಂದಿತೇ ಎಂದು ನೋಡುವುದು ಬಂಪ್ ಟೆಸ್ಟ್. ಸೊನ್ನೆಯನ್ನೂ ಪ್ರಮಾಣಿತ ಅನಿಲಕ್ಕೆ ಬರುವ ಅಂಕಿಯನ್ನೂ ಸರಿಯಾದ ಮೌಲ್ಯಕ್ಕೆ ಹೊಂದಿಸುವುದು ಕ್ಯಾಲಿಬ್ರೇಷನ್. ಮೊದಲನೆಯದನ್ನು ತರಬೇತಿ ಪಡೆದ ಆಪರೇಟರೇ ಆಗಾಗ್ಗೆ ಮಾಡಬಹುದು, ಮಾಡಬೇಕು. ಎರಡನೆಯದು ನಮ್ಮಂಥವರ ಕೆಲಸ.

ಕ್ಯಾಲಿಬ್ರೇಷನ್ ಶುರುವಾಗುವುದು ಸೊನ್ನೆಯಿಂದ, ತಪ್ಪುಗಳು ಶುರುವಾಗುವುದೂ ಅಲ್ಲಿಂದಲೇ. ಕಂಪ್ರೆಸರ್ ಕೋಣೆಯ ಗಾಳಿಯನ್ನೇ ಶುದ್ಧ ಗಾಳಿಯೆಂದು ಭಾವಿಸಿ ಸೊನ್ನೆ ಒತ್ತಿಬಿಟ್ಟರೆ, ಆ ಹೊತ್ತಿನಲ್ಲಿ ಅಲ್ಲಿದ್ದ 8 ಅಥವಾ 10 ಪಿಪಿಎಂ ಅಮೋನಿಯಾ ಲೆಕ್ಕದಿಂದಲೇ ಮಾಯವಾಗುತ್ತದೆ. ಅಂದಿನಿಂದ ಆ ಡಿಟೆಕ್ಟರ್ ಪ್ರತಿ ಅಂಕಿಯನ್ನೂ ಅಷ್ಟು ಕಡಿಮೆ ಹೇಳುತ್ತದೆ. ಆದ್ದರಿಂದ ಸೊನ್ನೆಗೆ ಸಿಲಿಂಡರಿನಲ್ಲಿ ಬರುವ ಶುದ್ಧ ಗಾಳಿ, ನಾವು ಜೀರೋ ಏರ್ ಎನ್ನುವುದನ್ನು, ಕೊಡಲೇಬೇಕು. ಅದರ ನಂತರ ಪ್ರಮಾಣಿತ ಅಮೋನಿಯಾ, ಉದಾಹರಣೆಗೆ 50 ಪಿಪಿಎಂ, ತಯಾರಕರು ಹೇಳಿದ ವೇಗದಲ್ಲಿ, ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರಿನಂತೆ, ಸೆನ್ಸರಿನ ಬಾಯಿಗೆ ಮುಚ್ಚುವ ಕ್ಯಾಲಿಬ್ರೇಷನ್ ಕ್ಯಾಪಿನ ಮೂಲಕ ಹರಿಯಬೇಕು.

ಇಲ್ಲಿ ಅಮೋನಿಯಾದ ಸ್ವಭಾವವನ್ನು ಅರಿಯದವರು ಮೋಸಹೋಗುತ್ತಾರೆ. ಅದಕ್ಕೆ ನೀರೆಂದರೆ ಪ್ರಾಣ. ಕೋಣೆಯ ತಾಪಮಾನದಲ್ಲಿ ಒಂದು ಪಾಲು ನೀರು ತನ್ನ ಗಾತ್ರದ ನೂರಾರು ಪಟ್ಟು ಅಮೋನಿಯಾ ಅನಿಲವನ್ನು ಕರಗಿಸಿಕೊಳ್ಳುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಬ್ಯಾಗಿನಲ್ಲಿ ಬಿದ್ದಿದ್ದ ರಬ್ಬರ್ ಟ್ಯೂಬಿನ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ತೇವವಿದ್ದರೂ ಸಾಕು, ಸಿಲಿಂಡರಿನಿಂದ ಹೊರಟ 50 ಪಿಪಿಎಂ ಸೆಲ್ಲನ್ನು ತಲುಪುವಾಗ 30 ಆಗಿರಬಹುದು. ಪರದೆಯಲ್ಲಿ 30 ಕಂಡ ತಂತ್ರಜ್ಞರು ಸೆಲ್ ದುರ್ಬಲವಾಗಿದೆ ಎಂದು ತಿಳಿದು ಅದನ್ನು 50ಕ್ಕೆ ಏರಿಸುತ್ತಾರೆ. ಮರುದಿನದಿಂದ ಆ ಡಿಟೆಕ್ಟರ್ 15 ಪಿಪಿಎಂಗೇ 25 ಎಂದು ಕೂಗತೊಡಗುತ್ತದೆ. ನಾಲ್ಕು ಸಲ ಸುಳ್ಳು ಅಲಾರಂ ಬಂದ ಮೇಲೆ ಯಾರೋ ಅದನ್ನು ಬೈಪಾಸಿನಲ್ಲಿ ಹಾಕುತ್ತಾರೆ, ಅಂದರೆ ಅದರ ಸಂಕೇತಕ್ಕೆ ಅಲಾರಂ ಬಾರದಂತೆ ಮಾಡುತ್ತಾರೆ. ಒಂದು ಒದ್ದೆ ಟ್ಯೂಬಿನಿಂದ ಹೊರಟ ತಪ್ಪು ಇಷ್ಟು ದೂರ ನಡೆಯುತ್ತದೆ. ಅದಕ್ಕಾಗಿ ಟ್ಯೂಬು ಟೆಫ್ಲಾನಿನದಾಗಿರಬೇಕು, ಸಾಧ್ಯವಾದಷ್ಟು ಗಿಡ್ಡವಿರಬೇಕು, ಒಣಗಿರಬೇಕು. ಅಂಕಿ ಏರುತ್ತಿರುವಾಗಲೇ ಒತ್ತಿಬಿಡದೆ ಅದು ಸ್ಥಿರವಾಗುವವರೆಗೆ ಕಾಯಬೇಕು. ಅಮೋನಿಯಾ ಹಿತ್ತಾಳೆಯನ್ನೂ ತಾಮ್ರವನ್ನೂ ತಿನ್ನುವುದರಿಂದ ರೆಗ್ಯುಲೇಟರ್ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಸಿಲಿಂಡರಿನ ಮೇಲಿನ ದಿನಾಂಕವನ್ನು ನೋಡದೆ ಕೆಲಸ ಶುರುಮಾಡುವಂತಿಲ್ಲ, ಏಕೆಂದರೆ ಪಿಪಿಎಂ ಪ್ರಮಾಣದ ಅಮೋನಿಯಾ ಮಿಶ್ರಣ ಸಿಲಿಂಡರಿನ ಒಳಗೋಡೆಗೆ ಅಂಟಿಕೊಳ್ಳುತ್ತಾ ಕಾಲಕ್ರಮೇಣ ತೆಳುವಾಗುತ್ತದೆ. ಅವಧಿ ಮೀರಿದ ಸಿಲಿಂಡರಿನ ಮೇಲೆ 50 ಎಂದು ಬರೆದಿರುತ್ತದೆ, ಒಳಗೆ ಎಷ್ಟಿದೆಯೆಂದು ಹೇಳಬಲ್ಲವರು ಯಾರೂ ಇಲ್ಲ.

ಫ್ರೀಜರ್ ಚೇಂಬರಿನ ಡಿಟೆಕ್ಟರನ್ನು ಬಿಚ್ಚಿ ಹೊರಗೆ ತಂದು, ಬೆಚ್ಚಗೆ ಕೂತು ಕ್ಯಾಲಿಬ್ರೇಟ್ ಮಾಡುವ ರೂಢಿಯೂ ಕೆಲವು ಕಡೆ ಇದೆ. ಮೈನಸ್ 20 ಡಿಗ್ರಿಯಿಂದ ಕರಾವಳಿಯ ಗಾಳಿಗೆ ಬಂದೊಡನೆ ಪೊರೆಯ ಮೇಲೆ ನೀರು ಹನಿಗಟ್ಟುತ್ತದೆ, ಆಮೇಲೆ ಏನಾಗುತ್ತದೆಂದು ಮೇಲೆಯೇ ಹೇಳಿದ್ದೇನೆ. ಅಲ್ಲದೆ ಚಳಿಯಲ್ಲಿ ಸೆಲ್ಲಿನ ಪ್ರತಿಕ್ರಿಯೆ ನಿಧಾನವಾಗುತ್ತದೆ. ಅದು ಕೆಲಸ ಮಾಡಬೇಕಾದ ಚಳಿಯಲ್ಲೇ ಅದರ ಪರೀಕ್ಷೆ ನಡೆಯಬೇಕು. ಕೈ ಮರಗಟ್ಟುತ್ತದೆ, ನಿಜ. ಜಾಕೆಟ್ಟು, ಕೈಗವಸು ಹಾಕಿಕೊಂಡು ಅಲ್ಲೇ ಮಾಡಬೇಕು, ಜೊತೆಗೆ ಹೊರಗೆ ಒಬ್ಬರು ನಿಂತಿರಬೇಕು.

ನನ್ನ ಮಟ್ಟಿಗೆ ಇಡೀ ನಿರ್ವಹಣೆಯಲ್ಲಿ ಅತ್ಯಂತ ಬೆಲೆಯುಳ್ಳ ಅಂಕಿ ಹೊಂದಾಣಿಕೆಗೆ ಮೊದಲು ಬರುವ ಅಂಕಿ. 50 ಪಿಪಿಎಂ ಕೊಟ್ಟಾಗ ಏನನ್ನೂ ಮುಟ್ಟದೆ ಡಿಟೆಕ್ಟರ್ ಎಷ್ಟು ತೋರಿಸಿತು, ಅಲ್ಲಿಗೆ ಏರಲು ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂಬೆರಡನ್ನು ಬರೆದುಕೊಂಡ ಮೇಲೆಯೇ ಹೊಂದಾಣಿಕೆಗೆ ಕೈ ಹಾಕಬೇಕು. ಹೊಂದಿಸಿದ ಮೇಲೆ ಎಲ್ಲ ಡಿಟೆಕ್ಟರೂ 50 ಎಂದೇ ತೋರಿಸುತ್ತದೆ, ಅದರಲ್ಲಿ ಹೊಸ ಸುದ್ದಿಯೇನೂ ಇಲ್ಲ. ಹೊಂದಾಣಿಕೆಗೆ ಮುಂಚಿನ ಅಂಕಿ ಮಾತ್ರ ಕಳೆದ ಭೇಟಿಯಿಂದ ಈವರೆಗೆ ಆ ಕೋಣೆಯ ಜನ ಎಷ್ಟು ಸುರಕ್ಷಿತವಾಗಿದ್ದರು ಎಂಬುದನ್ನು ಹೇಳುತ್ತದೆ. ಒಂದು ಸೆಲ್ ಮೂರು ತ್ರೈಮಾಸಿಕಗಳಲ್ಲಿ 48, 42, 31 ಎಂದು ಇಳಿಯುತ್ತಾ ಬಂದಿದ್ದರೆ, ಮುಂದಿನ ಭೇಟಿಯವರೆಗೆ ಅದು ಬದುಕುವುದಿಲ್ಲವೆಂದು ಇಂದೇ ಹೇಳಬಹುದು, ಇಂದೇ ಬದಲಿಸಬಹುದು. ಪರೀಕ್ಷೆಯ ಅವಧಿ ಮೂರು ತಿಂಗಳೇ, ಆರು ತಿಂಗಳೇ, ಒಂದು ತಿಂಗಳೇ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಂದಲೇ ಬರಬೇಕು: ತಯಾರಕರು ಹೇಳಿದ ಗರಿಷ್ಠ ಅವಧಿಯಿಂದ ಆರಂಭಿಸಿ, ಈ ಅಂಕಿಗಳು ಬೇಗ ಕುಸಿಯುವ ಜಾಗಗಳಲ್ಲಿ ಅವಧಿಯನ್ನು ಕಿರಿದುಗೊಳಿಸುತ್ತಾ ಹೋಗಬೇಕು.

ಸೆಲ್ ಸರಿಯಿದ್ದರೆ ಅರ್ಧ ದಾರಿ ಮುಗಿಯಿತು. ಉಳಿದರ್ಧವನ್ನು ಪ್ಯಾನೆಲ್ಲಿನ ಮುಂದೆ ಒಬ್ಬರು ನಿಂತು ನೋಡಬೇಕು. 0ಯಿಂದ 100 ಪಿಪಿಎಂ ವ್ಯಾಪ್ತಿಯ ಡಿಟೆಕ್ಟರಿನಲ್ಲಿ 25 ಪಿಪಿಎಂ ಎಂದರೆ 8 ಮಿಲಿ ಆಂಪಿಯರ್. ಡಿಟೆಕ್ಟರಿನ ಪರದೆಯಲ್ಲಿ 25 ಇರುವಾಗ ಪ್ಯಾನೆಲ್ಲಿನಲ್ಲೂ 25 ಇರಬೇಕು. ಒಂದು ಘಟಕದಲ್ಲಿ ಕೆಟ್ಟ ಡಿಟೆಕ್ಟರಿಗೆ ಬದಲಾಗಿ 0ಯಿಂದ 300 ವ್ಯಾಪ್ತಿಯ ಹೊಸದನ್ನು ಯಾರೋ ಅಳವಡಿಸಿದ್ದರು, ಪ್ಯಾನೆಲ್ಲಿನಲ್ಲಿ ಮಾತ್ರ ಹಳೆಯ 0ಯಿಂದ 100 ಹಾಗೆಯೇ ಉಳಿದಿತ್ತು. ಹೊಸ ಡಿಟೆಕ್ಟರ್ 25 ಪಿಪಿಎಂ ಅಳೆದು ಸುಮಾರು 5.3 ಮಿಲಿ ಆಂಪಿಯರ್ ಕಳುಹಿಸುತ್ತಿತ್ತು, ಪ್ಯಾನೆಲ್ ಅದನ್ನು 8 ಪಿಪಿಎಂ ಎಂದು ಓದುತ್ತಿತ್ತು. ಕೋಣೆಯಲ್ಲಿ ನಿಜವಾಗಿ 75 ಪಿಪಿಎಂ ಆಗುವವರೆಗೆ 25ರ ಅಲಾರಂ ಬರುವಂತಿರಲಿಲ್ಲ. ಎರಡೂ ಉಪಕರಣಗಳು ಸುಸ್ಥಿತಿಯಲ್ಲಿದ್ದವು, ಎರಡರ ಪ್ರಮಾಣಪತ್ರಗಳೂ ಸರಿಯಾಗಿದ್ದವು. ಡಿಟೆಕ್ಟರಿಗೆ ಅನಿಲ ಕೊಟ್ಟು ಪ್ಯಾನೆಲ್ಲಿನ ಅಂಕಿಯನ್ನು ಕೂಗಿ ಹೇಳಿಸಿಕೊಂಡಾಗ ಮಾತ್ರ ಅದು ಬೆಳಕಿಗೆ ಬಂತು.

ಪ್ಯಾನೆಲ್ಲಿನಿಂದ ಮುಂದೆ ಹೂಟರ್, ಮಿನುಗುವ ದೀಪ, ಎಕ್ಸಾಸ್ಟ್ ಫ್ಯಾನು, ಲಿಕ್ವಿಡ್ ಲೈನಿನಲ್ಲಿ ದ್ರವ ಅಮೋನಿಯಾದ ಹರಿವನ್ನು ತಾನಾಗಿ ನಿಲ್ಲಿಸುವ ಸೊಲೆನಾಯ್ಡ್ ವಾಲ್ವು. ಅಮೋನಿಯಾ ಶೀತಲೀಕರಣದ ಅಮೆರಿಕನ್ ಸಂಸ್ಥೆ ಐಐಎಆರ್‌ನ ಮಾನದಂಡದಲ್ಲಿ ಯಂತ್ರಕೋಣೆಗೆ ಮೂರು ಮೆಟ್ಟಿಲುಗಳಿವೆ: 25 ಪಿಪಿಎಂಗೆ ಎಚ್ಚರಿಕೆ, 150ಕ್ಕೆ ತುರ್ತು ಗಾಳಿಯಾಟ, 40,000ಕ್ಕೆ ಕೋಣೆಯ ಯಂತ್ರಗಳ ವಿದ್ಯುತ್ ಕಡಿತ. ನಿಮ್ಮ ಪ್ಲಾಂಟಿನಲ್ಲಿ ಯಾವ ಮೆಟ್ಟಿಲುಗಳನ್ನು ಇಟ್ಟುಕೊಂಡಿದ್ದೀರೋ ಅವೆಲ್ಲವನ್ನೂ ಏರಿ ನೋಡಬೇಕು. ರಿಲೇ ಟಕ್ ಎಂದಿತು ಎಂಬುದು ಸಾಲದು. ಫ್ಯಾನು ತಿರುಗಿತೇ, ಅದರ ಷಟರು ತೆರೆಯಿತೇ, ಗಾಳಿ ಹೊರಕ್ಕೇ ಹೋಗುತ್ತಿದೆಯೇ ಎಂದು ಹೋಗಿ ನೋಡಬೇಕು. ಮೂರು ಫೇಸಿನ ತಂತಿಗಳು ಅದಲುಬದಲಾಗಿ ಹಿಂದುಮುಂದಾಗಿ ತಿರುಗುತ್ತಿರುವ ಫ್ಯಾನುಗಳು ಅಪರೂಪವೇನಲ್ಲ. ಸೈರನ್ನಿನ ಸದ್ದು ಐಸ್ ಕ್ರಷರ್ ಓಡುತ್ತಿರುವಾಗಲೂ ಪ್ಯಾಕಿಂಗ್ ಹಾಲಿನ ಕೊನೆಯ ಮೇಜಿನಲ್ಲಿ ಕುಳಿತ ಹೆಣ್ಣುಮಕ್ಕಳಿಗೆ ಕೇಳಿಸುತ್ತದೆಯೇ ಎಂದು ಅವರನ್ನೇ ಕೇಳಬೇಕು. ಆ ಸದ್ದು ಕೇಳಿದರೆ ಯಾವ ಕಡೆಗೆ ಹೋಗಬೇಕೆಂದು ಅವರಿಗೆ ಗೊತ್ತಿದೆಯೇ ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳುವುದು ನನ್ನ ರೂಢಿ. ಒಪ್ಪಂದದ ಕಾಗದದಲ್ಲಿ ಅದು ಇರುವುದಿಲ್ಲ, ಆದರೆ ಕೇಳದೆ ಬರಲು ಮನಸ್ಸು ಒಪ್ಪುವುದಿಲ್ಲ.

ಕರೆಂಟು ಹೋದಾಗಿನ ಪರೀಕ್ಷೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಕರೆಂಟು ಹೋದರೆ ಕಂಪ್ರೆಸರ್ ನಿಲ್ಲುತ್ತದೆ, ಆದರೆ ದ್ರವ ಅಮೋನಿಯಾವನ್ನು ಹಿಡಿದಿಡುವ ಟ್ಯಾಂಕು, ಅಂದರೆ ರಿಸೀವರಿನಲ್ಲಿರುವ ಅಮೋನಿಯಾ ಅಲ್ಲೇ, ಅದೇ ಒತ್ತಡದಲ್ಲಿ ಇರುತ್ತದೆ. ಆಗ ಡಿಟೆಕ್ಟರುಗಳನ್ನು ಜೀವಂತವಾಗಿಡುವುದು ಪ್ಯಾನೆಲ್ಲಿನ 24 ವೋಲ್ಟ್ ಬ್ಯಾಟರಿ. ಬ್ಯಾಟರಿಯ ವೋಲ್ಟೇಜ್ ಅಳೆದು ಸರಿಯಿದೆ ಎಂದು ಬರೆಯುವುದು ಸುಲಭ. ಮೇನ್ ಸ್ವಿಚ್ ಆರಿಸಿ, ಸೈರನ್ ಕೂಗಿಸುತ್ತಾ, ಅದು ನಿಜವಾಗಿ ಎಷ್ಟು ಹೊತ್ತು ಹೊರೆ ಹೊರುತ್ತದೆಂದು ನೋಡಿದಾಗ ಹಳೆಯ ಬ್ಯಾಟರಿ ಕೆಲವೇ ನಿಮಿಷಗಳಲ್ಲಿ ಕೈಚೆಲ್ಲುತ್ತದೆ.

ಪರೀಕ್ಷೆಯ ಹೊತ್ತಿಗೆ ಪ್ಲಾಂಟು ನಿಲ್ಲದಿರಲೆಂದು ಬೈಪಾಸ್ ಹಾಕುತ್ತೇವೆ, ಅದು ಅನಿವಾರ್ಯ. ಆ ಅವಧಿಯಲ್ಲಿ ಕೋಣೆಗೆ ಕಾವಲಿಲ್ಲವೆಂದು ಶಿಫ್ಟಿನ ಎಲ್ಲರಿಗೂ ತಿಳಿಸಬೇಕು, ಕೈಯಲ್ಲಿ ಹಿಡಿಯುವ ಪ್ರತ್ಯೇಕ ಡಿಟೆಕ್ಟರ್ ಅಲ್ಲಿರಬೇಕು, ಕೆಲಸ ಮುಗಿದ ಮೇಲೆ ಬೈಪಾಸ್ ತೆಗೆದದ್ದನ್ನು ಆಪರೇಟರೇ ನೋಡಿ ಸಹಿ ಹಾಕಬೇಕು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದಲ್ಲಿ ಟ್ಯಾಂಕು ತುಂಬಿ ಹರಿದು ಸ್ಫೋಟವಾಯಿತು. ಅದನ್ನು ತಡೆಯಬೇಕಿದ್ದ ಸ್ವತಂತ್ರ ಸ್ವಿಚ್ ಕೆಟ್ಟಿರಲಿಲ್ಲ, ಅದರ ಪರೀಕ್ಷಾ ಲಿವರನ್ನು ಸರಿಯಾದ ಸ್ಥಾನದಲ್ಲಿ ಹಿಡಿದಿಡಬೇಕಿದ್ದ ಒಂದು ಬೀಗವನ್ನು ಹಾಕಿರಲಿಲ್ಲ, ಅಷ್ಟೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ 11 ಜನರನ್ನು ಬಲಿ ತೆಗೆದುಕೊಂಡ ಡೀಪ್‌ವಾಟರ್ ಹೊರೈಜನ್ ರಿಗ್ಗಿನಲ್ಲಿ, ಅಪಾಯದ ಸೈರನ್ ತಾನಾಗಿ ಮೊಳಗದಂತೆ ತಡೆಹಿಡಿದಿದ್ದರೆಂದೂ, ಸುಳ್ಳು ಅಲಾರಂಗಳಿಂದ ನಡುರಾತ್ರಿ ಜನರ ನಿದ್ದೆ ಕೆಡಬಾರದೆಂಬುದೇ ಅದಕ್ಕೆ ಕೊಟ್ಟ ಕಾರಣವೆಂದೂ ಅಲ್ಲಿನ ಮುಖ್ಯ ಎಲೆಕ್ಟ್ರಾನಿಕ್ಸ್ ತಂತ್ರಜ್ಞರು ತನಿಖೆಯ ಮುಂದೆ ಸಾಕ್ಷ್ಯ ನುಡಿದರು. ನಮ್ಮ ಸಣ್ಣ ಪ್ಲಾಂಟುಗಳಲ್ಲಿ ಹೂಟರಿನ ಬಾಯಿಗೆ ತುರುಕಿದ ಬಟ್ಟೆಯನ್ನು ಹೊರಗೆಳೆಯುವಾಗ ನನಗೆ ಆ ಸಾಕ್ಷ್ಯ ನೆನಪಾಗುತ್ತದೆ. ಬಟ್ಟೆ ತುರುಕಿದವರ ಮೇಲೆ ನನಗೆ ಕೋಪವಿಲ್ಲ. ಅವರ ನಿದ್ದೆ ಕೆಡಿಸಿದ ಆ ಸುಳ್ಳು ಅಲಾರಂಗೆ ಕೆಟ್ಟ ನಿರ್ವಹಣೆಯೇ ಕಾರಣ.

ಎಲ್ಲಕ್ಕೂ ಒಂದು ಋತುವಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲ ಮೀನು ಘಟಕಗಳಿಗೆ ದುರಸ್ತಿಯ ಕಾಲ. ಕಂಪ್ರೆಸರ್ ಬಿಚ್ಚುವ, ಎಣ್ಣೆ ಬಸಿಯುವ, ಪೈಪು ಬದಲಿಸುವ ಕೆಲಸಗಳೆಲ್ಲ ಆಗಲೇ ನಡೆಯುವುದರಿಂದ ಅಮೋನಿಯಾ ಹೊರಬೀಳುವ ಸಂಭವ ಆ ದಿನಗಳಲ್ಲೇ ಹೆಚ್ಚು. ಆದರೆ ಡಿಟೆಕ್ಟರುಗಳ ಪರೀಕ್ಷೆಯನ್ನು ಎಲ್ಲ ಮುಗಿದ ಮೇಲೆ, ಜುಲೈ ಕೊನೆಯ ವಾರಕ್ಕೆ ಇಟ್ಟುಕೊಳ್ಳುವ ಪದ್ಧತಿ ಬೆಳೆದಿದೆ. ದುರಸ್ತಿ ಶುರುವಾಗುವ ಮುನ್ನ ಒಮ್ಮೆ ಬಂಪ್ ಟೆಸ್ಟ್, ಮುಗಿದ ಮೇಲೆ ಪೂರ್ಣ ಕ್ಯಾಲಿಬ್ರೇಷನ್ ಎಂದು ನಾನು ಎಲ್ಲ ಕಡೆ ಕೇಳಿಕೊಳ್ಳುತ್ತೇನೆ. ಆ ಮಳೆ ಮತ್ತು ಉಪ್ಪುಗಾಳಿಯಲ್ಲಿ ಜಂಕ್ಷನ್ ಬಾಕ್ಸುಗಳನ್ನು ತೆರೆದು ನೋಡಬೇಕು. ಅಮೋನಿಯಾ ಮತ್ತು ತೇವ ಸೇರಿ ತಾಮ್ರದ ಟರ್ಮಿನಲ್ಲುಗಳು ನೀಲಿಹಸಿರಾಗಿರುತ್ತವೆ, ಸಡಿಲ ಕೇಬಲ್ ಗ್ಲಾಂಡಿನಿಂದ ಇಳಿದ ನೀರು ತಳದಲ್ಲಿ ನಿಂತಿರುತ್ತದೆ. ಬ್ಯಾಡಗಿಯ ಕಡೆಯ ಸಮಸ್ಯೆ ಬೇರೆ. ಅಲ್ಲಿ ಜನವರಿಯಿಂದ ಮಾರುಕಟ್ಟೆಗೆ ಮೆಣಸಿನಕಾಯಿ ಬರತೊಡಗಿ ಬೇಸಿಗೆಯ ಹೊತ್ತಿಗೆ ಚೇಂಬರುಗಳು ಚೀಲಗಳಿಂದ ತುಂಬಿಹೋಗುತ್ತವೆ. ಹಮಾಲರು ಚೀಲ ಹೊತ್ತು ಓಡಾಡುವಾಗ ಏಳುವ ಸಣ್ಣ ಕೆಂಪು ಧೂಳು ಡಿಟೆಕ್ಟರಿನ ಫಿಲ್ಟರಿನ ಮೇಲೆ ಪದರವಾಗಿ ಕೂರುತ್ತದೆ. ಆ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು, ಕಂಪ್ರೆಸರ್ ಗಾಳಿಯಿಂದ ಊದಲೂಬಾರದು; ಹೊಸದನ್ನೇ ಹಾಕಬೇಕು. ಆವಕ ಶುರುವಾಗುವ ಮುನ್ನ ಒಮ್ಮೆ, ಚೇಂಬರು ಭರ್ತಿಯಾದ ಮೇಲೆ ಒಮ್ಮೆ ಪರೀಕ್ಷೆ ಆಗಲೇಬೇಕು.

ಇದೇ ಘಟಕಗಳ ಕ್ಯಾಂಟೀನು, ಬಾಯ್ಲರುಗಳಲ್ಲಿ ಎಲ್‌ಪಿಜಿ ಡಿಟೆಕ್ಟರುಗಳೂ ಇರುತ್ತವೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅವು ನೆಲದ ಹತ್ತಿರ ಇರಬೇಕು. ಅವುಗಳಲ್ಲಿ ಅನಿಲವನ್ನು ಸುಟ್ಟು ಅಳೆಯುವ ಕ್ಯಾಟಲಿಟಿಕ್ ಮಣಿ ಇರುತ್ತದೆ. ಹತ್ತಿರದಲ್ಲಿ ಸಿಲಿಕೋನ್ ಸೀಲೆಂಟ್ ಅಥವಾ ಸಿಲಿಕೋನ್ ಸ್ಪ್ರೇ ಬಳಸಿದರೆ ಆ ಮಣಿಗೆ ವಿಷ ತಗುಲಿ ಅದೂ ಸೊನ್ನೆಯಲ್ಲೇ ಸಾಯುತ್ತದೆ. ಸಿಗರೇಟ್ ಲೈಟರಿನ ಗ್ಯಾಸ್ ಊದಿ ಇವನ್ನು ಪರೀಕ್ಷಿಸುವವರನ್ನು ತಡೆಯಿರಿ. ಅಷ್ಟು ದಟ್ಟ ಅನಿಲಕ್ಕೆ ಅರೆಜೀವದ ಮಣಿಯೂ ಕೂಗುತ್ತದೆ. ಶೇಕಡಾ 20 ಎಲ್‌ಇಎಲ್‌ಗೆ, ಅಂದರೆ ಅನಿಲ ಹೊತ್ತಿಕೊಳ್ಳಬಲ್ಲ ಕನಿಷ್ಠ ಪ್ರಮಾಣದ ಐದನೇ ಒಂದು ಪಾಲಿಗೆ, ಅದು ಕೂಗುತ್ತದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ, ಮಣಿ ಹಾಳಾಗುವುದು ಬೇರೆ. ಅಮೋನಿಯಾ ದ್ರಾವಣದ ಬಾಟಲಿಯ ಮುಚ್ಚಳ ತೆಗೆದು ಸೆಲ್ಲಿನ ಮುಂದೆ ಹಿಡಿಯುವವರಿಗೂ ಇದೇ ಮಾತು.

ವೆಚ್ಚದ ವಿಷಯವನ್ನು ಮಾಲೀಕರು ಕೇಳುತ್ತಾರೆ, ಕೇಳಬೇಕಾದ್ದೇ. ಕಡಿಮೆ ದರದ ವಾರ್ಷಿಕ ಒಪ್ಪಂದಗಳಲ್ಲಿ ಬಹಳ ಸಲ ಭೇಟಿಗಳ ಸಂಖ್ಯೆ ಮಾತ್ರ ಇರುತ್ತದೆ, ಪ್ರಮಾಣಿತ ಅನಿಲದ ಮಾತು ಇರುವುದಿಲ್ಲ. ಅನಿಲವಿಲ್ಲದೆ ಬಂದ ತಂತ್ರಜ್ಞರು ಒರೆಸಿ, ವೋಲ್ಟೇಜ್ ಅಳೆದು, ಟೆಸ್ಟ್ ಬಟನ್ ಒತ್ತಿ ಹೋಗುತ್ತಾರೆ. ಆ ಬಟನ್ ಹೂಟರನ್ನು ಕೂಗಿಸುತ್ತದೆ, ಸೆಲ್ಲನ್ನು ಮುಟ್ಟುವುದೂ ಇಲ್ಲ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವಾಗ ಯಾವ ಪ್ರಮಾಣದ ಅನಿಲ, ಯಾರ ಸಿಲಿಂಡರು, ಅದರ ಪ್ರಮಾಣಪತ್ರ ಎಲ್ಲಿ ಎಂದು ಬರೆಸಿಕೊಳ್ಳಿ. ಬದಲಿ ಸೆಲ್ಲುಗಳನ್ನು ಒಟ್ಟಿಗೆ ತರಿಸಿ ಅಲಮಾರಿನಲ್ಲಿ ಇಡಬೇಡಿ. ಪ್ಯಾಕೆಟ್ಟಿನೊಳಗೂ ಅವುಗಳ ಆಯುಷ್ಯ ಕಳೆಯುತ್ತಲೇ ಇರುತ್ತದೆ. ಭೇಟಿಯ ವರದಿ ಕೈಗೆ ಬಂದಾಗ ಹೊಂದಾಣಿಕೆಗೆ ಮುಂಚಿನ ಅಂಕಿಗಳ ಕಾಲಮ್ಮನ್ನು ಮೊದಲು ನೋಡಿ. ಅದು ಖಾಲಿ ಇದ್ದರೆ, ಅಥವಾ ಪ್ರತಿ ಡಿಟೆಕ್ಟರಿನ ಮುಂದೆಯೂ ಪ್ರತಿ ತ್ರೈಮಾಸಿಕದಲ್ಲೂ ಸರಿಯಾಗಿ 50 ಎಂದೇ ಬರೆದಿದ್ದರೆ, ಹಣ ಪಾವತಿಸುವ ಮೊದಲು ಸಿಲಿಂಡರು ತರಿಸಿ, ನಿಮ್ಮ ಕಣ್ಣೆದುರಿಗೇ ಒಂದು ಡಿಟೆಕ್ಟರಿಗೆ ಅನಿಲ ಕೊಡಿಸಿ ನೋಡಿ.